ರಿಸ್ಕಾಲ್‌ನ ಪೀಪಾಯಿ ಮತ್ತು ಕಾಯೋ ತಾಕತ್ತು

ಇಂಥ ವಿಡಿಯೋ ನೀವೂ ನೋಡಿರ್ತೀರಿ. ಮೊದಲು ಕಲ್ಲಿನ ನೆಲಮಾಳಿಗೆ, ಸಾಲು ಸಾಲು ಮರದ ಪೀಪಾಯಿ, ಧೂಳು ಹಿಡಿದ ಬಾಟಲಿಗಳು. ಆಮೇಲೆ ಡ್ರೋನ್ ಮೇಲೆದ್ದು ದ್ರಾಕ್ಷಿ ತೋಟ ತೋರಿಸುತ್ತೆ, ತೋಟದ ನಡುವೆ ಗುಲಾಬಿ-ಚಿನ್ನದ ಬಣ್ಣದ ರಿಬ್ಬನ್ ಸುತ್ತಿಟ್ಟ ಹಾಗೆ ಒಂದು ಹೋಟೆಲ್. ಹಿಂದಿನಿಂದ ದನಿ: "ಸಂಪ್ರದಾಯ ಮತ್ತು ಆಧುನಿಕತೆಯ ಸಂಗಮ." ಕೆಳಗೆ ನಮ್ಮ ಹುಡುಗರ ಕಾಮೆಂಟು: "ನಾವೂ ಹೀಗೆ ಮಾಡಬೇಕು ಬ್ರೋ."

ಮಾಡಬೇಕು, ಸರಿ. ಆದರೆ ಆ ವಿಡಿಯೋ ಅರ್ಧ ಕಥೆ ಮಾತ್ರ ಹೇಳುತ್ತೆ. ಅದು ಸ್ಪೇನಿನ ಮಾರ್ಕೇಸ್ ದೆ ರಿಸ್ಕಾಲ್ ಅನ್ನೋ ವೈನ್ ಸಂಸ್ಥೆ. ಊರು ಎಲ್ಸಿಯೇಗೋ, ರಿಯೋಹಾ ಸೀಮೆಯ ಆಲಾವಾ ಪ್ರಾಂತ್ಯ. ಶುರುವಾಗಿದ್ದು 1858ರಲ್ಲಿ. ಅದರ ಚರಿತ್ರೆಯನ್ನ ರೈತನ ಕಣ್ಣಲ್ಲಿ ಓದಿದ್ರೆ ಅಲ್ಲಿ ಸಂಪ್ರದಾಯಕ್ಕಿಂತ, ತಂತ್ರಜ್ಞಾನಕ್ಕಿಂತ ದೊಡ್ಡದಾಗಿ ಕಾಣೋದು ಬೇರೆಯೇ ಒಂದು ವಿಷಯ: ಬೆಳೆದದ್ದನ್ನ ಮಾರದೆ ಇಟ್ಟುಕೊಂಡು ಕಾಯೋ ತಾಕತ್ತು ಯಾರಿಗಿತ್ತು, ಯಾರಿಗಿರಲಿಲ್ಲ ಅನ್ನೋದು.

ಇದು ಕುಡಿಯೋದರ ಬಗ್ಗೆ ಬರಹ ಅಲ್ಲ. ಕುಡಿಯೋರು, ಕುಡಿಯದೋರು ಇಬ್ಬರೂ ಓದಬಹುದು. ದ್ರಾಕ್ಷಿ ಬೆಳೆಯದೋರೂ ಓದಿ.

ಸಂಪ್ರದಾಯ ಅಂದ್ರೆ ಯಾವುದು?

ರಿಸ್ಕಾಲ್ ಬರೋದಕ್ಕೆ ಮುಂಚೆ ಆ ಊರಿನ ರೈತರು ವೈನ್ ಮಾಡ್ತಾ ಇರಲಿಲ್ವಾ? ತಲೆತಲಾಂತರದಿಂದ ಮಾಡ್ತಿದ್ರು. ಕಲ್ಲಿನ ತೆರೆದ ತೊಟ್ಟಿಗೆ ಗೊಂಚಲನ್ನ ತೊಟ್ಟಿನ ಸಮೇತ ಸುರಿಯೋದು, ಅದು ತಾನೇ ಹುಳಿ ಬರೋಕೆ ಬಿಡೋದು, ಕಾಲಲ್ಲಿ ತುಳಿಯೋದು, ರಸ ಇಳಿಸೋದು. ಆ ವರ್ಷದ ವೈನ್ ಆ ವರ್ಷವೇ ಮಾರಿಬಿಡೋದು. ಆಡಿನ ಚರ್ಮದ ಚೀಲದಲ್ಲಿ ತುಂಬಿ ಹೇಸರಗತ್ತೆ ಮೇಲೆ ಸಾಗಿಸ್ತಿದ್ರು. ಹೆಚ್ಚು ದಿನ ತಡೀತಿರಲಿಲ್ಲ, ಬೇಸಿಗೆ ಬಂದ್ರೆ ಹುಳಿಯಾಗೋದು. ಹಾಗಾಗಿ ಬೆಲೆ ಎಷ್ಟೇ ಕಡಿಮೆ ಇದ್ರೂ ಬಂದ ವ್ಯಾಪಾರಿಗೆ ಕೊಟ್ಟು ಕೈ ತೊಳಕೊಳ್ಳಬೇಕಿತ್ತು. ಟೊಮೆಟೊ ಬೆಳೆಯೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಆ ಸೀಮೆಯ ನಿಜವಾದ ಹಳೇ ಪದ್ಧತಿ ಇದು. ಈಗ ವಿಡಿಯೋದಲ್ಲಿ "ಸಂಪ್ರದಾಯ" ಅಂತ ತೋರಿಸೋ ಓಕ್ ಪೀಪಾಯಿ, ನೆಲಮಾಳಿಗೆ, ವರ್ಷಗಟ್ಟಲೆ ಮಾಗಿಸೋದು, ಇವು ಸುಮಾರು 160 ವರ್ಷದ ಹಿಂದೆ ಫ್ರಾನ್ಸಿನಿಂದ ತಂದು ಹಾಕಿದ ಹೊಸ ತಂತ್ರ. ತಂದೋನು ಕಮೀಲೋ ಉರ್ತಾದೋ ದೆ ಅಮೇಸಗಾ, ರಿಸ್ಕಾಲ್‌ನ ಮಾರ್ಕೇಸ್, ಅಂದ್ರೆ ಜಹಗೀರಿನ ಬಿರುದಿದ್ದ ಮನುಷ್ಯ. ಫ್ರಾನ್ಸಿನ ಬೋರ್ಡೋ ನಗರದಲ್ಲಿ ನೆಲೆಸಿದ್ದೋನು. ಅಲ್ಲಿನ ವೈನ್ ಯಾಕೆ ದೇಶಾಂತರ ಹೋಗಿ ದುಡ್ಡು ತರುತ್ತೆ, ನಮ್ಮೂರದ್ದು ಯಾಕೆ ಊರು ದಾಟಲ್ಲ ಅಂತ ಕಣ್ಣಾರೆ ನೋಡಿದ್ದ.

ಸರ್ಕಾರಿ ತರಬೇತಿ, 1862

ನನಗೆ ಇಡೀ ಚರಿತ್ರೆಯಲ್ಲಿ ಬಹಳ ಇಷ್ಟವಾದ ಭಾಗ ಇದು. ಇದನ್ನ ಯಾವ ವಿಡಿಯೋನೂ ತೋರಿಸಲ್ಲ.

ಆಲಾವಾ ಪ್ರಾಂತ್ಯದ ಆಡಳಿತಕ್ಕೆ ತಮ್ಮ ರೈತರ ವೈನ್ ಸುಧಾರಿಸಬೇಕು ಅನ್ನಿಸಿತು. ಬೋರ್ಡೋದಲ್ಲೇ ಇದ್ದ ಮಾರ್ಕೇಸ್‌ಗೆ "ಒಬ್ಬ ಒಳ್ಳೇ ತಜ್ಞನನ್ನ ಹುಡುಕಿಕೊಡಿ" ಅಂತ ಕೇಳಿದ್ರು. ಅವನು ಹಿಡಿದದ್ದು ಜಾನ್ ಪಿನೋ ಅನ್ನೋರನ್ನ. ಬೋರ್ಡೋ ಹತ್ತಿರದ ಮೆಡಾಕ್ ಸೀಮೆಯ ಶಾತೋ ಲಾನೆಸ್ಸಾಂ ತೋಟದಲ್ಲಿ ವೈನ್ ಉಸ್ತುವಾರಿ ನೋಡ್ತಿದ್ದೋರು. 1862ರಲ್ಲಿ ಪಿನೋ ಬಂದ್ರು. ಯೋಜನೆಗೆ "ಮೆಡಾಕ್ ಅಲಾವೆಸ್" ಅಂತ ಹೆಸರು ಬಿತ್ತು, ಆಲಾವಾದ ಮೆಡಾಕ್ ಅಂತ. ಗೊಂಚಲಿಂದ ತೊಟ್ಟು ಬಿಡಿಸಿ ಹಾಕೋದು, ಪಾತ್ರೆ-ಪೀಪಾಯಿ ಚೊಕ್ಕಟ ಇಡೋದು, 225 ಲೀಟರಿನ ಸಣ್ಣ ಓಕ್ ಪೀಪಾಯಿಯಲ್ಲಿ ಮಾಗಿಸೋದು, ಗಸಿ ಬಿಟ್ಟು ತಿಳಿಯನ್ನ ಒಂದು ಪೀಪಾಯಿಂದ ಇನ್ನೊಂದಕ್ಕೆ ಇಳಿಸೋದು, ಎಲ್ಲ ಕಲಿಸಿದ್ರು. ಫ್ರೆಂಚ್ ತಳಿಯ ಬಳ್ಳಿಗಳೂ ಬಂದವು.

ವೈನ್ ಚೆನ್ನಾಗಿ ಬಂತಾ? ಬಂತು. ತಂತ್ರದಲ್ಲಿ ಲೋಪ ಇರಲಿಲ್ಲ, ಕಲಿತ ರೈತರಲ್ಲೂ ಇರಲಿಲ್ಲ. ಹಾಗಿದ್ರೂ ಯೋಜನೆ ನಿಂತುಹೋಯ್ತು. 1868ರಲ್ಲಿ ಆಡಳಿತ ಪಿನೋ ಅವರ ಒಪ್ಪಂದ ಮುಂದುವರಿಸಲಿಲ್ಲ. ಹೆಚ್ಚಿನ ರೈತರು ವಾಪಸ್ ಕಲ್ಲು ತೊಟ್ಟಿಗೆ ಹೋದ್ರು.

ಯಾಕೆ ಅಂತ ನಾವೇ ಲೆಕ್ಕ ಹಾಕೋಣ. ರಿಯೋಹಾದ ಈಗಿನ ನಿಯಮದಲ್ಲಿ ಕೆಂಪು ದ್ರಾಕ್ಷಿಗೆ ಹೆಕ್ಟೇರಿಗೆ 6,500 ಕೆಜಿ ಮಿತಿ. ಎಕರೆಗೆ ಸುಮಾರು 2,600 ಕೆಜಿ. ನೂರು ಕೆಜಿಗೆ ಸುಮಾರು 70 ಲೀಟರ್ ವೈನ್ ಅಂತ ಹಿಡಿದ್ರೆ ಎಕರೆಗೆ 1,800 ಲೀಟರ್, ಅಂದ್ರೆ ಎಂಟು ಪೀಪಾಯಿ. ಎರಡು ವರ್ಷ ಮಾಗಿಸಬೇಕು ಅಂದ್ರೆ ಮೊದಲ ವರ್ಷದ್ದು ಇನ್ನೂ ಪೀಪಾಯಿಯಲ್ಲಿ ಇರೋವಾಗಲೇ ಎರಡನೇ ಕಟಾವು ಬಂದು ನಿಲ್ಲುತ್ತೆ. ಎಕರೆಗೆ ಹದಿನಾರು ಪೀಪಾಯಿ ಬೇಕು. ಮೂರು ಎಕರೆಯೋನಿಗೆ ನಲವತ್ತೆಂಟು. ಅದರ ಜೊತೆ ಅಷ್ಟನ್ನೂ ತಂಪಾಗಿ ಇಡೋಕೆ ಜಾಗ. ಇಷ್ಟೆಲ್ಲ ಖರ್ಚು ಮಾಡಿ ಎರಡು ವರ್ಷ ಕೈಗೆ ಬರೋ ದುಡ್ಡು ಸೊನ್ನೆ. ಆದರೆ ಕೂಲಿ, ಬಳ್ಳಿ ಸವರೋದು, ಬೂದಿ ರೋಗಕ್ಕೆ ಗಂಧಕ, ಮನೆ ಖರ್ಚು ಇವು ಯಾವುವೂ ಎರಡು ವರ್ಷ ಸುಮ್ಮನೆ ಕೂರಲ್ಲ. ಆಗಿನ ಇಳುವರಿ ಇದಕ್ಕಿಂತ ಹೆಚ್ಚು ಕಡಿಮೆ ಇರಲಿ, ಲೆಕ್ಕದ ದಾರಿ ಬದಲಾಗಲ್ಲ.

ಇನ್ನೊಂದು: ಆ ಹೊತ್ತಿಗೆ ಹೆಚ್ಚು ಬೆಲೆ ಕೊಡೋ ಗಿರಾಕಿಯೂ ಅಲ್ಲಿರಲಿಲ್ಲ. ಒಳ್ಳೇ ವೈನ್ ಆದ್ರೂ ಊರಿನ ವ್ಯಾಪಾರಿ ಹಳೇ ರೇಟಿಗೇ ಕೇಳ್ತಿದ್ದ.

ಆಮೇಲೆ ಪಿನೋ ಎಲ್ಲಿಗೆ ಹೋದ್ರು? ಮಾರ್ಕೇಸ್ ತನ್ನ ಸ್ವಂತ ಖರ್ಚಲ್ಲಿ ಕೆಲಸಕ್ಕೆ ಇಟ್ಟುಕೊಂಡ. ಎಲ್ಲರಿಗೂ ಅಂತ ತಂದ ವಿದ್ಯೆ ಕೊನೆಗೆ ಒಬ್ಬನ ಮನೆಯಲ್ಲಿ ಉಳೀತು. ಅವನು ಕದ್ದ ಅಂತ ನಾನು ಹೇಳ್ತಿಲ್ಲ. ಅವನಿಗೆ ಪೀಪಾಯಿ ಕೊಳ್ಳೋಕಾಯ್ತು, ಕಾಯೋಕಾಯ್ತು. ಮೂರೆಕರೆಯೋನಿಗೆ ಆಗಲಿಲ್ಲ. ತಂತ್ರಜ್ಞಾನ ಎಲ್ಲರಿಗೂ ಒಂದೇ ದಿನ ಸಿಕ್ಕಿತ್ತು, ಬಂಡವಾಳ ಮಾತ್ರ ಸಿಗಲಿಲ್ಲ.

ಹತ್ತು ವರ್ಷ ತಡ ಆಗಿ ಬಂದ ಮಾರುಕಟ್ಟೆ

ಮಜಾ ಏನಂದ್ರೆ, ಆ ರೈತರು ಕೈಬಿಟ್ಟ ಮೇಲೆ ಮಾರುಕಟ್ಟೆ ಬಂತು. ಫಿಲೋಕ್ಸೆರಾ ಅನ್ನೋ ಬೇರು ಹೇನು ಅಮೆರಿಕದಿಂದ ಬಂದು ಫ್ರಾನ್ಸಿನ ತೋಟಗಳನ್ನ ತಿಂದು ಹಾಕಿತು. 1870ರ ದಶಕದಿಂದ ಫ್ರೆಂಚ್ ವ್ಯಾಪಾರಿಗಳು ವೈನ್ ಹುಡುಕಿಕೊಂಡು ರಿಯೋಹಾಕ್ಕೆ ಬಂದ್ರು. ಬೋರ್ಡೋ ಥರದ ವೈನ್ ರೆಡಿ ಇಟ್ಟುಕೊಂಡೋರಿಗೆ ಲಾಟರಿ. 1895ರಲ್ಲಿ ಬೋರ್ಡೋ ವಸ್ತುಪ್ರದರ್ಶನದಲ್ಲೇ ರಿಸ್ಕಾಲ್‌ಗೆ ಗೌರವ ಡಿಪ್ಲೊಮಾ ಸಿಕ್ಕಿತು, ಫ್ರಾನ್ಸಿನ ಹೊರಗಿನ ವೈನ್‌ಗೆ ಅದು ಮೊದಲು. ಗುರುವಿನ ಊರಲ್ಲೇ ಶಿಷ್ಯನಿಗೆ ಬಹುಮಾನ ಬಂದ ಹಾಗೆ.

ಹೆಸರು ಬಂದ ಕೂಡ್ಲೇ ಡೂಪ್ಲಿಕೇಟು ಬಂತು. ಖಾಲಿ ಬಾಟಲಿಗೆ ಬೇರೆ ವೈನ್ ತುಂಬಿ ರಿಸ್ಕಾಲ್ ಅಂತ ಮಾರೋರು. ಅದಕ್ಕೆ ಬಾಟಲಿ ಸುತ್ತ ಚಿನ್ನದ ಬಣ್ಣದ ತಂತಿ ಬಲೆ ಹಾಕಿದ್ರು. ಬಲೆ ಕತ್ತರಿಸದೆ ಮುಚ್ಚಳ ತೆಗೆಯೋಕಾಗಲ್ಲ, ಒಮ್ಮೆ ಕತ್ತರಿಸಿದ್ರೆ ಮತ್ತೆ ತುಂಬಿ ಮಾರೋಕಾಗಲ್ಲ. ಈಗ ಆ ಬಲೆ ಬರೀ ಅಲಂಕಾರ, ಆದ್ರೂ ತೆಗೆದಿಲ್ಲ. ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೆ ಕ್ರೇಟು ಮಾರ್ಕೆಟ್‌ಗೆ ಹೋದ ಮೇಲೆ ಯಾವ ಊರಿನ ಹಣ್ಣು ಅಂತ ಗಿರಾಕಿಗೆ ಗೊತ್ತಾಗೋ ಒಂದು ಗುರುತಾದ್ರೂ ಇದೆಯಾ? ಮಾನ್ಯತೆ ಕಾಗದದಲ್ಲಿ ಇರುತ್ತೆ. ಬಲೆ ನಾವೇ ನೇಯಬೇಕು.

ಆಮೇಲೆ ಆ ಹೇನು ರಿಯೋಹಾಕ್ಕೂ ಬಂತು, 1899ರಲ್ಲಿ. ಅಲ್ಲೂ ಬಳ್ಳಿ ಕಿತ್ತು, ಅಮೆರಿಕದ ಕಾಡು ಬಳ್ಳಿಯ ಬೇರಿಗೆ ತಮ್ಮ ಟೆಂಪ್ರಾನೀಯೋ ತಳಿಯ ಕಸಿ ಕಟ್ಟಿ ಹೊಸದಾಗಿ ನೆಟ್ಟರು. ವಿಜಯಪುರ ಕಡೆ ಡಾಗ್‌ರಿಡ್ಜ್ ಬೇರಿನ ಮೇಲೆ ಥಾಮ್ಸನ್ ಕಸಿ ಕಟ್ತೀರಲ್ಲ, ಆ ಡಾಗ್‌ರಿಡ್ಜ್ ಕೂಡ ಅಮೆರಿಕದ ಟೆಕ್ಸಾಸ್ ಮೂಲದ್ದೇ. ಅಲ್ಲಿ ಹೇನಿಗಾಗಿ, ಇಲ್ಲಿ ನೀರಿನ ಬರ ಮತ್ತು ಉಪ್ಪು ತಡೆಯೋಕೆ. ಕಾರಣ ಬೇರೆ, ಉಪಾಯ ಒಂದೇ.

ಮೆಡಾಕ್ ಅಂದೆನಲ್ಲ, ಅಲ್ಲಿಂದ ನಮ್ಮ ಮಲೆನಾಡಿನ ಪ್ರತಿ ಅಡಿಕೆ ತೋಟಕ್ಕೂ ಒಂದು ವಸ್ತು ಬಂದಿದೆ. ಮೆಡಾಕ್‌ನಲ್ಲಿ ರಸ್ತೆ ಬದಿಯ ಬಳ್ಳಿಗೆ ಹಣ್ಣು ಕದಿಯೋರು ಮುಟ್ಟದಿರಲಿ ಅಂತ ಮೈಲುತುತ್ತ-ಸುಣ್ಣ ಬಳೀತಿದ್ರು. ಆ ಬಳ್ಳಿಗಳಿಗೆ ಮಾತ್ರ ಡೌನಿ ರೋಗ ಬಂದಿಲ್ಲ ಅನ್ನೋದನ್ನ ಮಿಯಾರ್ದೇ ಅನ್ನೋ ಸಸ್ಯಶಾಸ್ತ್ರಜ್ಞ ಗಮನಿಸಿ, 1885ರಲ್ಲಿ ಪ್ರಕಟಿಸಿದ್ರು. ಅದೇ ಬೋರ್ಡೋ ಮಿಶ್ರಣ. ಕೊಳೆ ರೋಗಕ್ಕೆ ಪ್ರತಿ ಮಳೆಗಾಲ ಹೊಡೀತೀರಲ್ಲ, ಅದು. ಇದನ್ನ ಈಗ ಯಾರೂ "ಫ್ರೆಂಚ್ ತಂತ್ರಜ್ಞಾನ" ಅನ್ನಲ್ಲ, ಅಜ್ಜನ ಕಾಲದ ಪದ್ಧತಿ ಅಂತಾರೆ. ಅಗ್ಗ ಇತ್ತು, ಫಲ ಅದೇ ವರ್ಷ ಕಂಡಿತು, ಅದಕ್ಕೇ ಎಲ್ಲರ ಕೈಗೂ ಬಂತು. ಪಿನೋ ಅವರ ಪೀಪಾಯಿ ದುಬಾರಿ, ಫಲ ತಡ, ಅದಕ್ಕೇ ಬರಲಿಲ್ಲ. ಯಾವುದೇ ಹೊಸ ಯೋಜನೆ ನಿಮ್ಮ ಮುಂದೆ ಬಂದಾಗ ಈ ಎರಡರಲ್ಲಿ ಅದು ಯಾವ ಜಾತಿ ಅಂತ ಮೊದಲು ನೋಡಿ.

ಬಿಟ್ಟವರು ಮೂರ್ಖರಾ?

ಅಲ್ಲ. ತಮ್ಮ ಜೇಬಿಗೆ ಹೊಂದೋದನ್ನ ಆರಿಸಿಕೊಂಡ್ರು ಅಷ್ಟೆ. ಆ ಊರುಗಳಲ್ಲಿ ಇವತ್ತಿಗೂ ಇಡೀ ಗೊಂಚಲು ಹಾಕಿ, ಮಾಗಿಸದೆ, ಅದೇ ವರ್ಷ ಮಾರೋ ವೈನ್ ಇದೆ. "ಕೊಸೆಚೇರೋ" ಅಂತ ಕರೀತಾರೆ, ಬೆಳೆಗಾರನ ವೈನ್ ಅಂತ ಅರ್ಥ. ಹಣ್ಣಿನ ತಾಜಾ ರುಚಿಗೆ ಅಂತಲೇ ಅದಕ್ಕೆ ಅಭಿಮಾನಿಗಳಿದ್ದಾರೆ. ಕಾಯೋಕೆ ಆಗದೋನು ಕಾಯಬೇಕಿಲ್ಲದ ಮಾಲು ಮಾಡಿದ.

ಇದನ್ನ ದೊಡ್ಡ ಮನೆಯೂ ಕಲೀತು ಅಂತ ನನ್ನ ಅಭಿಪ್ರಾಯ. 1972ರಲ್ಲಿ ರಿಸ್ಕಾಲ್ ಬಿಳಿ ವೈನ್ ಮಾಡೋಕೆ ರಿಯೋಹಾ ಬಿಟ್ಟು ರುಯೇದಾ ಅನ್ನೋ ಬೇರೆ ಸೀಮೆಗೆ ಹೋಯ್ತು. ಸಲಹೆ ಕೊಟ್ಟೋರು ಬೋರ್ಡೋದ ಪ್ರೊಫೆಸರ್ ಎಮೀಲ್ ಪೇನೋ. (ಪಿನೋ ಬೇರೆ, ಪೇನೋ ಬೇರೆ, ಗೊಂದಲ ಮಾಡ್ಕೋಬೇಡಿ.) ಅಲ್ಲಿ ವೆರ್ದೇಹೋ ಅನ್ನೋ ಸ್ಥಳೀಯ ತಳಿ ಇತ್ತು. ಅದರಿಂದ ಗಾಳಿಗೆ ಬಿಟ್ಟು ಕಂದು ತಿರುಗಿಸಿದ ಭಾರೀ ವೈನ್ ಮಾಡ್ತಿದ್ರು, ಬೇಡಿಕೆ ಕುಗ್ಗಿತ್ತು. ರಿಸ್ಕಾಲ್‌ನೋರು ಅದೇ ಹಣ್ಣನ್ನ ಸ್ಟೀಲ್ ಟ್ಯಾಂಕಲ್ಲಿ, ತಂಪು ಹಿಡಿದಿಟ್ಟು ಹುದುಗಿಸಿ, ತಾಜಾ ಇರೋವಾಗಲೇ ಮಾರಿದ್ರು. 1980ರಲ್ಲಿ ರುಯೇದಾಕ್ಕೆ ಮೂಲಸ್ಥಾನದ ಅಧಿಕೃತ ಮಾನ್ಯತೆ ಬಂತು, ಈಗ ಸ್ಪೇನಿನಲ್ಲಿ ಬಿಳಿ ವೈನ್ ಅಂದ್ರೆ ಬಹಳ ಜನರ ಬಾಯಲ್ಲಿ ಮೊದಲು ಬರೋ ಹೆಸರು ಅದೇ. ನೋಡಿ ಇಲ್ಲಿ: ಕೆಂಪು ವೈನ್ ವರ್ಷಗಟ್ಟಲೆ ಮಾಗುತ್ತೆ, ಬಿಳಿ ವೈನ್ ವರ್ಷದೊಳಗೆ ದುಡ್ಡು ತರುತ್ತೆ. ನಿಧಾನದ ಬೆಳೆಯನ್ನ ಬೇಗದ ಬೆಳೆ ಸಾಕುತ್ತೆ. ತೆಂಗಿನ ಸಸಿ ನಡುವೆ ಬಾಳೆ ಹಾಕೋ ನಮ್ಮ ಬುದ್ಧಿಯೂ ಇದೇ ಅಲ್ವಾ?

ಕೆಂಪು ವೈನ್ ಎಷ್ಟು ಕಾಯಬೇಕು ಅನ್ನೋದಕ್ಕೆ ಈಗ ಕಾನೂನೇ ಇದೆ. ರಿಯೋಹಾದಲ್ಲಿ "ರೆಸೆರ್ವಾ" ಅಂತ ಬರೀಬೇಕಾದ್ರೆ ಕನಿಷ್ಠ ಮೂರು ವರ್ಷ, ಅದರಲ್ಲಿ ಒಂದು ವರ್ಷ ಓಕ್ ಪೀಪಾಯಿ. "ಗ್ರಾನ್ ರೆಸೆರ್ವಾ"ಗೆ ಐದು ವರ್ಷ, ಎರಡು ವರ್ಷ ಓಕ್. ಕಾಯೋದಕ್ಕೆ ಲೇಬಲ್ ಮೇಲೆ ಹೆಸರು ಕೊಟ್ಟು, ಆ ಹೆಸರಿಗೆ ಬೆಲೆ ಕಟ್ಟಿದ್ದಾರೆ. ಇದು ನನಗೆ ಬಹಳ ಮೆಚ್ಚುಗೆ. ಅದೇ ನಿಯಮಗಳಲ್ಲಿ ಒಂದು ತಮಾಷೆಯೂ ಇದೆ. ಮಾರ್ಕೇಸ್ ಕಾಲದಲ್ಲಿ ನೆಟ್ಟ ಕಬರ್ನೇ ಸೋವಿನ್ಯೋಂ ತಳಿ ರಿಯೋಹಾದ ಅಧಿಕೃತ ಕೆಂಪು ತಳಿಗಳ ಪಟ್ಟಿಯಲ್ಲಿಲ್ಲ. ರಿಸ್ಕಾಲ್‌ಗೆ ಹಳೇ ನೆಡುವಿಕೆ ಅಂತ ವಿನಾಯಿತಿ ಸಿಕ್ಕಿದೆ. ಒಂದೂವರೆ ಶತಮಾನ ಬೆಳೆದ್ರೂ ತಳಿ ಹೊರಗಿನದ್ದು, ಅದೇ ಕಾಲಕ್ಕೆ ಬಂದ ಪೀಪಾಯಿ ಮಾತ್ರ ಸಂಪ್ರದಾಯ! ಯಾವುದು ಹಳೇದು ಯಾವುದು ಹೊಸದು ಅಂತ ತೀರ್ಮಾನ ಮಾಡೋದು ಕಾಲ ಅಲ್ಲ, ಕಮಿಟಿ.

ಟೈಟಾನಿಯಂ ಹೋಟೆಲ್ ಬಗ್ಗೆ ಹೆಚ್ಚು ಹೇಳಲ್ಲ. ವಾಸ್ತುಶಿಲ್ಪಿ ಫ್ರಾಂಕ್ ಗೆರಿ, 2006ರಲ್ಲಿ ತೆರೆದದ್ದು. ಗುಲಾಬಿ ಬಣ್ಣ ವೈನಿಗೆ, ಚಿನ್ನದ್ದು ತಂತಿ ಬಲೆಗೆ, ಬೆಳ್ಳಿಯದ್ದು ಬಾಟಲಿ ಮುಚ್ಚಳದ ಹೊದಿಕೆಗೆ. ಗೆರಿ ಮೊದಲು ಒಪ್ಪಿರಲಿಲ್ಲವಂತೆ. ಅವರು ಹುಟ್ಟಿದ ವರ್ಷ 1929ರ ಒಂದು ಬಾಟಲಿ ತೆಗೆದುಕೊಟ್ಟ ಮೇಲೆ ಒಪ್ಪಿದ್ರು ಅಂತ ಹೇಳ್ತಾರೆ. ಕಟ್ಟಡಕ್ಕಿಂತ ಆ ಬಾಟಲಿ ಮುಖ್ಯ. 1862ರ ಮೊದಲ ವೈನಿನಿಂದ ಹಿಡಿದು ಹೆಚ್ಚುಕಡಿಮೆ ಪ್ರತಿ ವರ್ಷದ ಬಾಟಲಿಗಳನ್ನ ಅವರು ನೆಲಮಾಳಿಗೆಯಲ್ಲಿ ಎತ್ತಿಟ್ಟಿದ್ದಾರೆ. ಯಾವ ವರ್ಷ ಮಳೆ ಹೆಚ್ಚು, ಯಾವ ವರ್ಷ ಬಿಸಿಲು ಹೆಚ್ಚು, ಹಣ್ಣು ಹೇಗಿತ್ತು ಅನ್ನೋದರ ಸಾಕ್ಷಿ ಅಲ್ಲಿದೆ. ನಮ್ಮಲ್ಲಿ ಹೋದ ವರ್ಷ ಯಾವ ತಾರೀಕು ಚಾಟ್ನಿ ಮಾಡಿದ್ವಿ ಅನ್ನೋದಕ್ಕೆ ಕ್ಯಾಲೆಂಡರ್ ಹುಡುಕಬೇಕು, ಅದನ್ನೂ ಯುಗಾದಿಗೆ ಬಿಸಾಕಿರ್ತೀವಿ. ಕೈಯಲ್ಲಿ ಫೋನ್ ಇದೆ, ಒಂದು ಫೋಟೋ ತೆಗೆದು ತಾರೀಕು ಬರೆದಿಡೋದಕ್ಕೆ ಮಾರ್ಕೇಸ್ ಆಗಬೇಕಿಲ್ಲ.

ಸಾವಯವದ ಬಗ್ಗೆ ಒಂದು ಎಚ್ಚರಿಕೆ

ರಿಸ್ಕಾಲ್‌ನ ರುಯೇದಾ ವೈನ್ ಈಗ ಸಾವಯವ ಪ್ರಮಾಣಪತ್ರದ ಜೊತೆ ಬರುತ್ತೆ. ತೋಟಗಾರಿಕೆ ಓದಿ, ಈಗ ಸಾವಯವದಲ್ಲೇ ಬೆಳೀತಿರೋ ನನಗೆ ಖುಷಿಯೇ. ಆದರೆ "ಅವರು ಮಾಡ್ತಾರೆ, ನಾವ್ಯಾಕೆ ಮಾಡಬಾರದು" ಅಂತ ಹಾರಬೇಡಿ. ಅಲ್ಲಿ ಹಣ್ಣು ಮಾಗೋ ಬೇಸಿಗೆ ಒಣ, ಚಳಿಗಾಲದಲ್ಲಿ ಬಳ್ಳಿ ಪೂರ್ತಿ ನಿದ್ದೆ, ವರ್ಷಕ್ಕೆ ಒಂದೇ ಚಾಟ್ನಿ. ನಮ್ಮ ಬಳ್ಳಿಗೆ ನಿದ್ದೆ ಇಲ್ಲ, ಉತ್ತರ ಕರ್ನಾಟಕದಲ್ಲಿ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ಎರಡು. ಅಕ್ಟೋಬರಿನ ಎಳೇ ಚಿಗುರಿಗೆ ಹಿಂಗಾರು ಮಳೆ ಸಿಕ್ಕಿದ್ರೆ ಡೌನಿ ಮೂರು ದಿನದಲ್ಲಿ ಕಥೆ ಮುಗಿಸುತ್ತೆ. ಸಾವಯವ ಅಂದ್ರೆ ಅಲ್ಲೂ ತಾಮ್ರ ಹೊಡೀತಾರೆ ಅನ್ನೋದೂ ಗೊತ್ತಿರಲಿ. ಯುರೋಪಿನ ನಿಯಮದಲ್ಲಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ತಾಮ್ರ ಮಿತಿ, ಯಾಕಂದ್ರೆ ಅದು ಮಣ್ಣಲ್ಲಿ ಉಳಿದು ಎರೆಹುಳುವಿಗೆ ಕೇಡು. ಅಲ್ಲಿನ ಒಣ ಹವೆಯಲ್ಲಿ ಆ ಮಿತಿಯೊಳಗೆ ನಿಭಾಯಿಸಬಹುದು. ನಮ್ಮ ಮಳೆಯಲ್ಲಿ ದ್ರಾಕ್ಷಿಗೆ ಅದು ಬಹಳ ಕಷ್ಟ. ಇಳುವರಿ ಲೆಕ್ಕವೂ ಬೇರೆ: ಅವರದ್ದು ಎಕರೆಗೆ 2.6 ಟನ್ ಮಿತಿ, ನಮ್ಮ ತಿನ್ನೋ ದ್ರಾಕ್ಷಿ ಎಂಟು-ಹತ್ತು ಟನ್. ಮೂರರಲ್ಲಿ ಒಂದು ಪಾಲು ಬೆಳೆದು ಮೂರು ಪಟ್ಟು ಬೆಲೆ ಕೊಡೋ ಗಿರಾಕಿ ಸಿಕ್ಕಾಗ ಮಾತ್ರ ಅವರ ದಾರಿ ನಮಗೆ ದಾರಿ.

ನಮ್ಮಲ್ಲೂ ಪಿನೋಗಳು ಬಂದಿದ್ದಾರೆ. 1990ರ ದಶಕದಿಂದ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ತೋಟಕ್ಕೆ ಬೋರ್ಡೋದ ಮಿಶೆಲ್ ರೋಲಾಂ ಸಲಹೆಗಾರರಾಗಿದ್ರು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ವಿದ್ಯೆಗೆ ಕೊರತೆ ಇಲ್ಲ. ಆದರೆ 2008ರ ಆರ್ಥಿಕ ಕುಸಿತದ ನಂತರ ಪಕ್ಕದ ನಾಸಿಕ್‌ನಲ್ಲಿ ವೈನರಿಗಳು ಕೊಳ್ಳೋದು ಕಡಿಮೆ ಮಾಡಿದಾಗ ರೈತರು ವೈನ್ ದ್ರಾಕ್ಷಿ ಬಳ್ಳಿಯನ್ನ ಕಿತ್ತು ಹಾಕಿದ್ರು. ಸಣ್ಣ ಹಣ್ಣು, ಬೀಜ ತುಂಬಾ, ಸಂತೆಯಲ್ಲಿ ತಿನ್ನೋಕೆ ಯಾರೂ ಕೊಳ್ಳಲ್ಲ. ವೈನರಿ ಹತ್ತಿರ ಪೀಪಾಯಿ ಇತ್ತು, ರೈತನ ಹತ್ತಿರ ಇದ್ದದ್ದು ಕೊಳೆಯೋ ಹಣ್ಣು. 1860ರ ದಶಕದ ಎಲ್ಸಿಯೇಗೋ ಮತ್ತೆ.

ಹಾಗಾಗಿ ತರಬೇತಿ ಶಿಬಿರ, ಅಧ್ಯಯನ ಪ್ರವಾಸ ಅಂತ ಇನ್ನಷ್ಟು ದುಡ್ಡು ಸುರಿಯೋದಕ್ಕಿಂತ ಕಾಯೋ ದುಡ್ಡಿಗೆ ದಾರಿ ಮಾಡಿ ಅಂತ ನಾನು ಕೇಳೋದು. ವಿಜಯಪುರದ ಒಣದ್ರಾಕ್ಷಿ ಬೆಳೆಗಾರರಿಗೆ ಈ ಮಾತು ನೇರವಾಗಿ ಅನ್ವಯ, ಅದು ಕೋಲ್ಡ್ ಸ್ಟೋರೇಜಲ್ಲಿ ತಿಂಗಳುಗಟ್ಟಲೆ ಕಾಯೋ ಮಾಲು. ಶೆಡ್ಡಿಂದ ಇಳಿಸಿದ ವಾರವೇ ಸಾಲಗಾರ ಬಾಗಿಲಲ್ಲಿ ನಿಂತ ಅಂತ ಮಾರೋದು, ಅದೇ ಮಾಲನ್ನ ಬೇರೆ ಯಾರೋ ಹಬ್ಬದ ಸೀಜನ್‌ವರೆಗೆ ಇಟ್ಟು ಲಾಭ ಮಾಡೋದು, ಇದನ್ನ ಎಷ್ಟು ವರ್ಷ ನೋಡೋದು? ಗೋದಾಮು ರಸೀದಿ ಮೇಲೆ ಬ್ಯಾಂಕ್ ಸಾಲ ಸಿಗುತ್ತೆ. ಕಿಸಾನ್ ಕ್ರೆಡಿಟ್ ಕಾರ್ಡ್ ಇರೋ ಸಣ್ಣ, ಅತಿಸಣ್ಣ ರೈತರಿಗೆ ಕೊಯ್ಲಿನ ನಂತರ ಆರು ತಿಂಗಳವರೆಗೆ ಬಡ್ಡಿ ರಿಯಾಯಿತಿ ಕೂಡ ಕೇಂದ್ರದ ಯೋಜನೆಯಲ್ಲಿದೆ. ಷರತ್ತು ಒಂದೇ, ಗೋದಾಮು ನೋಂದಣಿ ಆಗಿರಬೇಕು, ರಸೀದಿ ವರ್ಗಾಯಿಸಬಹುದಾದ ರಸೀದಿ ಆಗಿರಬೇಕು. ನೀವು ಮಾಲು ಇಡೋ ಕೋಲ್ಡ್ ಸ್ಟೋರೇಜ್ ಅಂಥ ನೋಂದಣಿ ಮಾಡಿಸಿದೆಯಾ, ಒಣದ್ರಾಕ್ಷಿಗೆ ಅಂಥ ರಸೀದಿ ಕೊಡ್ತಾರಾ ಅಂತ ಸೀಸನ್ ಶುರುವಾಗೋ ಮುಂಚೆ ಕೇಳಿ. ಇಲ್ಲ ಅಂದ್ರೆ ನಿಮ್ಮ ರೈತ ಉತ್ಪಾದಕ ಕಂಪನಿಯ ಸಭೆಯಲ್ಲಿ ಅದನ್ನೇ ಮೊದಲ ವಿಷಯ ಮಾಡಿ.

ವೈನ್ ದ್ರಾಕ್ಷಿ ಹಾಕಿ ಅಂತ ಯಾವುದಾದ್ರೂ ಕಂಪನಿ ನಿಮ್ಮ ಹೊಲಕ್ಕೆ ಬಂದ್ರೆ, ಫ್ರಾನ್ಸ್ ಸ್ಪೇನ್ ಫೋಟೋ ನೋಡಿ ಸಹಿ ಹಾಕಬೇಡಿ. ದುಡ್ಡು ಕಟಾವಾದ ಎಷ್ಟನೇ ದಿನ ಕೈಗೆ ಬರುತ್ತೆ? ಸಕ್ಕರೆ ಅಂಶವನ್ನ ಯಾರು, ಎಲ್ಲಿ, ಯಾರ ಮುಂದೆ ಅಳೀತಾರೆ? ಕಟಾವಿನ ವಾರ ಮಳೆ ಬಂದು ಸಕ್ಕರೆ ಇಳಿದ್ರೆ ನಷ್ಟ ಯಾರ ಪಾಲು? ಐದನೇ ವರ್ಷ ಅವರು ಕೊಳ್ಳಲ್ಲ ಅಂದ್ರೆ ಬಳ್ಳಿ ಹಾಕಿದ ಖರ್ಚು ಯಾರು ಕೊಡ್ತಾರೆ? ಉತ್ತರವನ್ನ ಬಾಯಲ್ಲಿ ಅಲ್ಲ, ಒಪ್ಪಂದದ ಕಾಗದದ ಮೇಲೆ, ಕನ್ನಡದಲ್ಲಿ ಬರೆಸಿಕೊಳ್ಳಿ. ಫೋಟೋ ತೆಗೆದು ಊರಿನ ಗ್ರೂಪಿಗೂ ಹಾಕಿ, ನಾಲ್ಕು ಜನ ಓದಲಿ.